ಕಿಣ್ವ ಸತ್ತದ್ದಲ್ಲ, ಕೊಂದದ್ದು

ಪ್ರಶ್ನೆ: ಬಯೋಡೀಸೆಲ್ ತಯಾರಿಸುವ ಕ್ರಿಯೆ ಬೇಗ ಮುಗಿಯಲೆಂದು ಎಣ್ಣೆ–ಮೆಥನಾಲ್ ಮಿಶ್ರಣವನ್ನು 80 ಡಿಗ್ರಿಗೆ ಬಿಸಿ ಮಾಡಬಹುದೇ?

ಉತ್ತರ: ಮೆಥನಾಲ್ 65 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆ ಆವಿಗೆ ಕಿಡಿ ತಗಲಿದರೆ ಮುಂದಿನ ಪ್ರಶ್ನೆ ಕೇಳಲು ನೀವಿರುವುದಿಲ್ಲ.

ಪ್ರಶ್ನೆ: ಸಸ್ಯಜನ್ಯ ಎಣ್ಣೆಯಿಂದ ಬಯೋಡೀಸೆಲ್ ತಯಾರಿಸಲು ಮಣಿಗಳಿಗೆ ಅಂಟಿಸಿದ ಲೈಪೇಸ್ (ಎಣ್ಣೆಯನ್ನು ಒಡೆಯುವ ಕಿಣ್ವ) ಬಳಸಿದೆವು. ಮೆಥನಾಲನ್ನು ಒಮ್ಮೆಲೇ ಸುರಿದೆವು. ಪರಿವರ್ತನೆ ಅರ್ಧಕ್ಕೇ ನಿಂತಿತು. ಅದೇ ಮಣಿಗಳು ಎರಡನೆಯ ಸಲ ಕೆಲಸವನ್ನೇ ಮಾಡಲಿಲ್ಲ. ಕಿಣ್ವ ಕಳಪೆಯೇ?

ಉತ್ತರ: ‘ಒಮ್ಮೆಲೇ ಸುರಿದೆವು’ ಎಂದು ನೀವೇ ಒಪ್ಪಿಕೊಂಡ ಮೇಲೆ ಕಿಣ್ವವನ್ನು ಬೈಯುವುದೇಕೆ? ಎಷ್ಟು ಸಲ ಬರೆದರೂ ಈ ಪತ್ರ ಮತ್ತೆ ಬರುತ್ತದೆ. ಒಂದು ಮೋಲ್ ಎಣ್ಣೆಗೆ 3 ಮೋಲ್ ಮೆಥನಾಲ್ ಬೇಕು, ನಿಜ. ಆದರೆ ಅಷ್ಟೂ ಎಣ್ಣೆಯಲ್ಲಿ ಕರಗುವುದಿಲ್ಲ. ಕರಗದೆ ಉಳಿದ ಹನಿಗಳು ಲೈಪೇಸನ್ನು ಮುಟ್ಟಿ ಅದರ ರಚನೆಯನ್ನೇ ಕೆಡಿಸುತ್ತವೆ. ಹಾಗೆ ಕೆಟ್ಟದ್ದು ತೊಳೆದರೂ ಪೂರ್ತಿ ಮರಳುವುದಿಲ್ಲ.

ಮೂರು ಕಂತುಗಳಲ್ಲಿ ಕೊಡಿ. ಮೊದಲ ಕಂತು ಎಸ್ಟರ್, ಅಂದರೆ ಬಯೋಡೀಸೆಲ್, ಆಗಿ ಮುಗಿದ ಮೇಲೆಯೇ ಎರಡನೆಯದು. ಎಸ್ಟರಿನಲ್ಲಿ ಮೆಥನಾಲ್ ಎಣ್ಣೆಯಲ್ಲಿ ಕರಗುವುದಕ್ಕಿಂತ ಚೆನ್ನಾಗಿ ಕರಗುವುದರಿಂದ ಮುಂದಿನ ಕಂತುಗಳು ಕಿಣ್ವಕ್ಕೆ ಅಷ್ಟು ಬಾಧಿಸವು. ಜಪಾನಿನ ಯುಜಿ ಶಿಮಾಡಾ ತಂಡ 1999ರಲ್ಲೇ ಹೀಗೆ ಮಾಡಿ, ಅದೇ ಕಿಣ್ವವನ್ನು 50 ಸಲ ಬಳಸಿದ ಮೇಲೂ ಶೇ 95ಕ್ಕಿಂತ ಹೆಚ್ಚು ಪರಿವರ್ತನೆ ಪಡೆದಿತ್ತು. ತಾಪಮಾನ 30 ಡಿಗ್ರಿ. ಒಲೆ ಉರಿಸುವ ಅಬ್ಬರವೇ ಇಲ್ಲ.

ಎರಡನೆಯ ಶತ್ರು, ಬಯೋಡೀಸೆಲ್ ಜೊತೆಗೇ ಹುಟ್ಟುವ ಜಿಗುಟು ಗ್ಲಿಸರಾಲ್. ಮಣಿಗಳಿಗೆ ಅದು ಮೆತ್ತಿಕೊಂಡರೆ ಎಣ್ಣೆ ಒಳಗೆ ಹೋಗಲಾರದು. ಟರ್ಷರಿ ಬ್ಯೂಟನಾಲ್ ಎಂಬ ದ್ರಾವಕ ಬೆರೆಸಿದರೆ ಮೆಥನಾಲ್, ಗ್ಲಿಸರಾಲ್ ಎರಡೂ ಕರಗುತ್ತವೆ. ಆದರೆ ಕೊನೆಯಲ್ಲಿ ಆ ದ್ರಾವಕವನ್ನು ಬಟ್ಟಿ ಇಳಿಸಿ ಬೇರ್ಪಡಿಸುವ ತಾಪತ್ರಯವೂ ಬೆನ್ನಿಗೆ ಬೀಳುತ್ತದೆ. ನಾನಾದರೆ ಕಂತುಗಳ ನಡುವೆ ಗ್ಲಿಸರಾಲನ್ನು ಬಸಿದುಬಿಡುತ್ತೇನೆ. ಕಲಕುವಾಗಲೂ ಜಾಣತನವಿರಲಿ: ರಭಸಕ್ಕೆ ಮಣಿ ಪುಡಿಯಾದರೆ ಸೋಸುವುದು ನಿಮಗೇ ಕಷ್ಟ.

ತಾಪಮಾನ, ನೀರು, ಮೆಥನಾಲ್ ಪ್ರಮಾಣಗಳನ್ನು ಒಂದೊಂದಾಗಿ ಬದಲಿಸಿ ‘ಅತ್ಯುತ್ತಮ’ ಬಿಂದು ಹುಡುಕುವವರಿಗೆ ಒಂದು ಮಾತು. ಇವು ಒಂದನ್ನೊಂದು ಎಳೆದಾಡುತ್ತವೆ. ಮೊದಲು ಪ್ರಯೋಗಗಳನ್ನು ಸಂಖ್ಯಾಶಾಸ್ತ್ರದ ವಿಧಾನದಲ್ಲಿ ಯೋಜಿಸಿ, ಆಮೇಲೆ ಫ್ಲಾಸ್ಕ್ ಮುಟ್ಟಿ.

ಪ್ರಶ್ನೆ: ಮುಕ್ತ ಕೊಬ್ಬಿನಾಮ್ಲ ಹೆಚ್ಚಿರುವ ಎಣ್ಣೆ ಆಗುತ್ತದೆಯೇ?

ಉತ್ತರ: ಕಿಣ್ವ ಬಳಸುವುದೇ ಅದಕ್ಕಲ್ಲವೇ? ಕಿಣ್ವದ ಬದಲು ಕ್ಷಾರ ಹಾಕಿದ್ದರೆ ಆ ಆಮ್ಲ ಸಾಬೂನಾಗುತ್ತಿತ್ತು.

ಪ್ರಶ್ನೆ: ಮೆಥನಾಲೂ ಬೇಡ, ಬೇರೇನೂ ಬೇಡ, ಬರೀ ‘ಕಿಣ್ವದ ಪುಡಿ’ ಕಲಕಿದರೆ ರಾತ್ರಿ ಬೆಳಗಾಗುವಷ್ಟರಲ್ಲಿ ಎಣ್ಣೆ ಬಯೋಡೀಸೆಲ್ ಆಗುತ್ತದಂತೆ?

ಉತ್ತರ: ಬಯೋಡೀಸೆಲ್ ಎಂದರೆ ಮೀಥೈಲ್ ಎಸ್ಟರ್; ಅದಕ್ಕೆ ಮೆಥನಾಲಿನಿಂದ ಬರಬೇಕಾದ ಮೀಥೈಲ್ ಆಕಾಶದಿಂದ ಉದುರುತ್ತದೆಯೇ ಎಂದು ಮಾರುವವರನ್ನೇ ಕೇಳಿ.