ಎಎಸ್‌ಒ ಜಾಸ್ತಿ ಇದೆ, ಮಗು ಕಣ್ಣು ಮಿಟುಕಿಸುತ್ತೆ: ಪೆನಿಸಿಲಿನ್ ಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ವಿಷಯದ್ದು. ಗಂಟಲು ನೋವು ಬಂತು, ಆಮೇಲೆ ಮಗುವಿನ ನಡತೆ ಬದಲಾಯಿತು, ಎಎಸ್‌ಒ (ಗಂಟಲು ಸೋಂಕಿನ ಗುರುತು ಹುಡುಕುವ ರಕ್ತಪರೀಕ್ಷೆ) ಜಾಸ್ತಿ ಇದೆ, ಇಂಜೆಕ್ಷನ್ ಹಾಕಿಸಲಾ? ನನ್ನ ಓಪಿಡಿಯಲ್ಲೂ ದಿನಾ ಇದೇ ಮಾತು. ಅದಕ್ಕೇ ಇವತ್ತು ಒಂದು ಪತ್ರಕ್ಕೆ ಉದ್ದವಾಗಿ ಬರೆಯುತ್ತೇನೆ. ಉಳಿದವಕ್ಕೆ ಒಂದೆರಡು ಸಾಲು ಸಾಕು.

ಪ್ರಶ್ನೆ: ಮಗನಿಗೆ ಏಳು ವರ್ಷ. ಒಂದು ವರ್ಷದಿಂದ ಆಗಾಗ ಕಣ್ಣು ಮಿಟುಕಿಸುತ್ತಾನೆ, ಗಂಟಲಲ್ಲಿ ಸದ್ದು ಮಾಡುತ್ತಾನೆ. ಹೋದ ತಿಂಗಳು ಜ್ವರ, ಗಂಟಲು ನೋವು ಬಂದ ಮೇಲೆ ಅದು ಜಾಸ್ತಿಯಾಗಿದೆ. ಎಎಸ್‌ಒ 430 ಬಂದಿದೆ. ಇದು ‘ಪಾಂಡಾಸ್’, 21 ದಿನಕ್ಕೊಂದು ಪೆನಿಸಿಲಿನ್ ಬೇಕು ಅಂತ ಒಬ್ಬರು ಹೇಳಿದರು. ಟಾನ್ಸಿಲ್ ತೆಗೆಸಿ ಅಂತ ಇನ್ನೊಬ್ಬರು. ಏನು ಮಾಡಲಿ? (ಒಬ್ಬ ತಾಯಿ, ಬಸವೇಶ್ವರನಗರ)

ಉತ್ತರ: ಅಮ್ಮಾ, ಮೊದಲು ಆ ರಿಪೋರ್ಟನ್ನು ಮಡಚಿ ಪಕ್ಕಕ್ಕಿಡಿ. ಸ್ಟ್ರೆಪ್ಟೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಯಾವಾಗಲೋ ಬಂದು ಹೋಗಿದೆ ಅನ್ನುವುದಷ್ಟೇ ಎಎಸ್‌ಒ ಹೇಳುತ್ತದೆ. ಸೋಂಕು ಬಂದ ಮೂರರಿಂದ ಆರು ವಾರಕ್ಕೆ ಅದು ತುದಿ ಮುಟ್ಟುತ್ತದೆ. ಇಳಿಯೋಕೆ ತಿಂಗಳುಗಟ್ಟಲೆ ಬೇಕು. 200 ದಾಟಿದ ಕೂಡಲೇ ಲ್ಯಾಬಿನವರು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ, ಮನೆಯವರೆಲ್ಲ ಹೆದರುತ್ತಾರೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಏನೂ ತೊಂದರೆ ಇಲ್ಲದ ಮಕ್ಕಳಲ್ಲೂ 200 ದಾಟಿರುವುದು ಸಾಮಾನ್ಯ.

ಇನ್ನು ನಿಮ್ಮ ಪತ್ರವನ್ನೇ ನೋಡಿ. ‘ಒಂದು ವರ್ಷದಿಂದ ಆಗಾಗ’ ಎಂದು ಬರೆದಿದ್ದೀರಿ. ನನಗೆ 430ಕ್ಕಿಂತ ಆ ಮೂರು ಪದ ಮುಖ್ಯ. ಬೇಡವೆಂದರೂ ಮತ್ತೆ ಮತ್ತೆ ಆಗುವ ಇಂಥ ಚಲನೆ, ಸದ್ದುಗಳಿಗೆ ಟಿಕ್ಸ್ ಅನ್ನುತ್ತೇವೆ. ಅವು ಇರೋದೇ ಹಾಗೆ, ಏರುತ್ತವೆ, ಇಳಿಯುತ್ತವೆ. ಜ್ವರ ಬಂದರೆ, ನಿದ್ದೆ ಕೆಟ್ಟರೆ, ಪರೀಕ್ಷೆ ಹತ್ತಿರ ಬಂದರೆ ಜಾಸ್ತಿಯಾಗುತ್ತವೆ. ಆಮೇಲೆ ತಾವಾಗಿಯೇ ತಗ್ಗುತ್ತವೆ. ಆ ಹೊತ್ತಿಗೆ ಯಾರು ಏನು ಔಷಧಿ ಕೊಟ್ಟಿದ್ದರೋ ಅವರಿಗೆ ಹೆಸರು ಬರುತ್ತದೆ.

ಪಾಂಡಾಸ್ ಎಂಬ ಹೆಸರು ಬಂದದ್ದು ಅಮೆರಿಕದಿಂದ. 1998ರಲ್ಲಿ ಸೂಸನ್ ಸ್ವೀಡೋ ಮತ್ತು ಜೊತೆಯವರು 50 ಮಕ್ಕಳ ವಿವರ ಪ್ರಕಟಿಸಿದರು. ಸ್ಟ್ರೆಪ್ ಸೋಂಕಿನ ಜೊತೆಗೇ ಗೀಳು (ಬೇಡದ ಯೋಚನೆ, ಕೆಲಸ ಮತ್ತೆ ಮತ್ತೆ ಕಾಡುವ ಒಸಿಡಿ) ಅಥವಾ ಟಿಕ್ಸ್ ದಿಢೀರನೆ ಶುರುವಾದ ಮಕ್ಕಳು ಅವರು. 2012ರಲ್ಲಿ ‘ಪ್ಯಾನ್ಸ್’ ಎಂಬ ಇನ್ನೂ ದೊಡ್ಡ ಹೆಸರು ಸೇರಿತು. ಅದರಲ್ಲಿ ಸ್ಟ್ರೆಪ್ ಇರಲೇಬೇಕು ಅಂತಿಲ್ಲ. ಆದರೆ ಗೀಳು ಅಥವಾ ಊಟ ಬಿಡುವುದು ಒಂದೆರಡು ದಿನದಲ್ಲೇ ಶುರುವಾಗಿರಬೇಕು. ಜೊತೆಗೆ ವಿಪರೀತ ಭಯ, ಪದೇ ಪದೇ ಮೂತ್ರ, ನಿದ್ದೆಗೇಡು, ಕೆಟ್ಟ ಕೈಬರಹ, ಇಂಥ ಲಕ್ಷಣಗಳಲ್ಲಿ ಎರಡಾದರೂ ಕಾಣಬೇಕು. ಅಂಥ ಮಕ್ಕಳ ತಂದೆತಾಯಿ ಶುರುವಾದ ದಿನವನ್ನೇ ಹೇಳುತ್ತಾರೆ. ‘ಮಂಗಳವಾರ ಸರಿ ಇದ್ದ ಮೇಡಂ, ಗುರುವಾರ ಬೇರೆ ಹುಡುಗನೇ ಆಗಿಬಿಟ್ಟ’ ಅನ್ನುತ್ತಾರೆ. ನಿಮ್ಮ ಮಗನ ಕತೆ ಅದಲ್ಲ.

ದಿಢೀರ್ ಶುರುವಾದ ಮಕ್ಕಳಲ್ಲೂ ಸೋಂಕೇ ಕಾರಣವಾ ಎಂಬ ವಾದ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 35 ಮಕ್ಕಳಲ್ಲಿ ಕೆಲವರಿಗೆ ಐವಿಐಜಿ (ದಾನಿಗಳ ರಕ್ತದಿಂದ ತಯಾರಿಸಿ ರಕ್ತನಾಳಕ್ಕೆ ಹಾಕುವ ಔಷಧಿ) ಕೊಟ್ಟರು, ಉಳಿದವರಿಗೆ ಹುಸಿ ಔಷಧಿ. ಆರು ವಾರದ ನಂತರ ಎರಡು ಗುಂಪಿಗೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಹೀಗಿದ್ದೂ ಬರೀ ಟಿಕ್ಸ್ ಇದ್ದ ಮಗುವಿಗೆ ಐವಿಐಜಿ ಹಾಕಿಸಲು ಒಡವೆ ಅಡವಿಟ್ಟು ಬಂದ ತಾಯಿಯನ್ನು ನಾನು ನೋಡಿದ್ದೇನೆ. ಹಾಗೆ ಸಲಹೆ ಕೊಟ್ಟವರ ಮೇಲೆ ನನಗಿನ್ನೂ ಸಿಟ್ಟಿದೆ.

ಹಾಗಂತ ಗಂಟಲಿಗೂ ಮಿದುಳಿಗೂ ಸಂಬಂಧವೇ ಇಲ್ಲ ಅಂತಲ್ಲ. ಕೈಕಾಲು ತಾವಾಗಿಯೇ ಆಡುವ ಸಿಡೆನ್‌ಹ್ಯಾಮ್ ಕೊರಿಯಾ ಎಂಬ ಕಾಯಿಲೆಯಲ್ಲಿ ಆ ಸಂಬಂಧ ಖಚಿತ. ಸ್ಟ್ರೆಪ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ದಾರಿ ತಪ್ಪಿ ಮಿದುಳಿನ ಆಳದ ಭಾಗಕ್ಕೇ ತಗಲಿಕೊಳ್ಳುತ್ತವೆ. ಗಂಟಲು ಸೋಂಕಿನ ನಂತರ ಕೀಲಿಗೂ ಹೃದಯಕ್ಕೂ ತಗಲುವ ರುಮ್ಯಾಟಿಕ್ ಜ್ವರದ ಒಂದು ರೂಪ ಇದು. ನಮ್ಮಲ್ಲಿ ಇನ್ನೂ ಹೋಗಿಲ್ಲ.

ಮಾಗಡಿ ಕಡೆಯಿಂದ ಹತ್ತು ವರ್ಷದ ಹುಡುಗಿಯನ್ನು ಕರೆತಂದಿದ್ದರು. ಅಕ್ಷರ ಕೆಟ್ಟಿದೆ ಅಂತ ಶಾಲೆಯಲ್ಲಿ ಬೈಗುಳ, ಲೋಟ ಕೈಜಾರುತ್ತೆ ಅಂತ ಮನೆಯಲ್ಲಿ ಏಟು. ಸುಮ್ಸುಮ್ನೆ ಅಳುತ್ತಿದ್ದಳು. ನನ್ನ ಎರಡು ಬೆರಳು ಕೊಟ್ಟು ಗಟ್ಟಿಯಾಗಿ ಹಿಡಿ ಎಂದೆ. ಹಿಡಿತ ನಿಲ್ಲಲಿಲ್ಲ. ಬಿಗಿ, ಸಡಿಲ, ಬಿಗಿ, ಸಡಿಲ, ಥೇಟ್ ಹಸುವಿನ ಹಾಲು ಕರೆದ ಹಾಗೆ. ನಾಲಿಗೆ ಚಾಚು ಎಂದರೆ ಚಾಚಿದ ನಾಲಿಗೆ ತಟ್ಟನೆ ಒಳಗೆ ಹೋಗುತ್ತಿತ್ತು. ಅವಳ ಎಎಸ್‌ಒ ಸರಿಯಾಗೇ ಇತ್ತು! ಕೊರಿಯಾ ಎಷ್ಟೋ ಸಲ ಗಂಟಲು ನೋವಾಗಿ ತಿಂಗಳುಗಳಾದ ಮೇಲೆ ಬರುತ್ತೆ, ಅಷ್ಟರಲ್ಲಿ ಅಂಕಿ ಇಳಿದಿರುತ್ತೆ. ಎಕೋ ಮಾಡಿಸಿದೆವು. ಹೃದಯದ ಕವಾಟ ಸೋರುತ್ತಿತ್ತು. 21 ದಿನಕ್ಕೊಂದು ಪೆನಿಸಿಲಿನ್ ಬೇಕಿದ್ದದ್ದು ಆ ಮಗುವಿಗೆ, ಅದೂ ವರ್ಷಗಟ್ಟಲೆ. ‘ಹಠ ಅಂದ್ಕೊಂಡು ಹೊಡೆದುಬಿಟ್ಟೆ ಮೇಡಂ’ ಅಂತ ಅವರಮ್ಮ ಗೋಡೆ ಕಡೆ ತಿರುಗಿ ನಿಂತರು.

ನಿಮ್ಮ ಮಗನನ್ನು ಒಮ್ಮೆ ಮಕ್ಕಳ ನರರೋಗ ತಜ್ಞರಿಗೆ ತೋರಿಸಿ. ಮಿಟುಕಿಸುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಡಾಕ್ಟರ ಮುಂದೆ ಮಕ್ಕಳು ಮಾಡೋದೇ ಇಲ್ಲ. ಈಗ ಗಂಟಲಲ್ಲಿ ಸ್ಟ್ರೆಪ್ ಇದೆ ಅಂತಾದರೆ ಅಮಾಕ್ಸಿಸಿಲಿನ್ 10 ದಿನ ಪೂರ್ತಿ ಕೊಡಿ, ಎರಡನೇ ದಿನ ಜ್ವರ ಬಿಟ್ಟಿತು ಅಂತ ನಿಲ್ಲಿಸಬೇಡಿ. ಟಿಕ್ಸ್‌ಗಾಗಿ ಟಾನ್ಸಿಲ್ ತೆಗೆಸುವುದು ಬೇಡವೇ ಬೇಡ. ‘ಮತ್ತೆ ಮಿಟುಕಿಸಿದೆ ನೋಡು’ ಅಂತ ಎತ್ತಿ ತೋರಿಸಬೇಡಿ. ಅಜ್ಜಿ ತಾತನಿಗೂ, ಟೀಚರಿಗೂ ಇದನ್ನು ಹೇಳಿ.

ನನಗೆ ನಿಜವಾಗಿ ಭಯ ಹುಟ್ಟಿಸೋದು ಬೇರೆ ಕಾಯಿಲೆ. ಚೆನ್ನಾಗಿದ್ದ ಮಗು ಕೆಲವೇ ದಿನಗಳಲ್ಲಿ ನಿದ್ದೆ ಬಿಟ್ಟು, ಕಿರುಚಾಡಿ, ಮಾತು ಕಡಿಮೆ ಮಾಡಿ, ಬಾಯಿ ಮೆಲುಕು ಹಾಕಿದಂತೆ ಆಡಿಸತೊಡಗಿದರೆ, ಫಿಟ್ಸ್ ಬಂದರೆ, ಅವತ್ತೇ ಹೊರಡಿ. ನಿಮ್ಹಾನ್ಸ್‌ನಲ್ಲಿ ರಾತ್ರಿಯೂ ತುರ್ತು ವಿಭಾಗ ತೆರೆದಿರುತ್ತದೆ. ಅದು ದೇಹದ ಪ್ರತಿಕಾಯಗಳೇ ಮಿದುಳಿಗೆ ತಗಲುವ ಎನ್‌ಎಂಡಿಎ ಎನ್‌ಸೆಫಲೈಟಿಸ್ ಇರಬಹುದು. 2007ರಲ್ಲಿ ಜೋಸೆಪ್ ಡಾಲ್ಮೌ ತಂಡ ಇದರ ಪ್ರತಿಕಾಯ ಗುರುತಿಸಿತು. ಸ್ಕ್ಯಾನ್ ಎಷ್ಟೋ ಸಲ ಏನೂ ತೋರಿಸುವುದಿಲ್ಲ, ಬೆನ್ನಿನ ನೀರು ಪರೀಕ್ಷೆ ಮಾಡಲೇಬೇಕು. ಅದೇ ಐವಿಐಜಿ, ಸ್ಟೀರಾಯ್ಡ್ ಇಲ್ಲಿ ನಿಜಕ್ಕೂ ಕೆಲಸ ಮಾಡುತ್ತವೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿ ಎರಡು ವಾರ ಕಳೆದು ಬರುವವರಿಗೆ ಕೈ ಮುಗಿದು ಕೇಳುತ್ತೇನೆ, ಪೂಜೆ ಆಮೇಲೆ ಮಾಡಿಸಿ.

ಪ್ರಶ್ನೆ: ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯಿಂದ ಆಟಿಸಂ ಬರುತ್ತಂತೆ, ಹೌದಾ?

ಉತ್ತರ: ಇಲ್ಲ. 12 ಮಕ್ಕಳ ಮೇಲೆ ಬರೆದು ಈ ಗುಮಾನಿ ಹಬ್ಬಿಸಿದ 1998ರ ಲೇಖನವನ್ನು 2010ರಲ್ಲಿ ಅದನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯೇ ಹಿಂದೆ ತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷ ಮಕ್ಕಳನ್ನು ಗಮನಿಸಿದ 2019ರ ಅಧ್ಯಯನದಲ್ಲೂ ಸಂಬಂಧ ಸಿಗಲಿಲ್ಲ. ಮಿದುಳು ಕೆಡಿಸೋದು ದಡಾರ. ಅಪರೂಪಕ್ಕೆ, ಬಂದು ಹೋಗಿ ಎಷ್ಟೋ ವರ್ಷಗಳ ನಂತರ, ಎಸ್‌ಎಸ್‌ಪಿಇ ಎಂಬ ಮಿದುಳಿನ ಕಾಯಿಲೆ ಆಗಿ ಮಗು ಓದು ಮರೆತು, ಬೆಚ್ಚಿಬಿದ್ದು, ಹಾಸಿಗೆ ಹಿಡಿಯುತ್ತದೆ. ಲಸಿಕೆ ಹಾಕಿಸಿ.

ಪ್ರಶ್ನೆ: ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇಮ್ಯೂನಿಟಿ ಸಿರಪ್ ಕೊಡಬಹುದಾ?

ಉತ್ತರ: ಬೇಡ. ಮೇಲೆ ಹೇಳಿದ ಕೊರಿಯಾ, ಎನ್‌ಎಂಡಿಎ ಕಾಯಿಲೆಗಳಲ್ಲೂ ರೋಗನಿರೋಧಕ ಶಕ್ತಿ ಕಡಿಮೆಯಾಗಿರಲಿಲ್ಲ, ದಾರಿ ತಪ್ಪಿತ್ತು.

ಪ್ರಶ್ನೆ: ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸೋಣವಾ?

ಉತ್ತರ: ಖಂಡಿತ ಬೇಡ. ಆ ದುಡ್ಡನ್ನು ಸ್ಪೀಚ್ ಥೆರಪಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ರಾತ್ರಿ ಹಲ್ಲು ಕಡಿಯುತ್ತಾಳೆ, ಜಂತುಹುಳು ಮಿದುಳಿಗೆ ಹೋಗಿದೆಯಾ?

ಉತ್ತರ: ಹಲ್ಲು ಕಡಿಯೋದಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ರಿಪೋರ್ಟ್ ಫೋಟೋ ಕಳಿಸಿದರೆ ನೋಡಿ ಹೇಳುತ್ತೀರಾ?

ಉತ್ತರ: ಮಗುವನ್ನು ನೋಡದೆ ಹೇಳುವುದಿಲ್ಲ. ಬರುವಾಗ ಶಾಲೆಯ ಎರಡು ನೋಟ್‌ಬುಕ್ ತನ್ನಿ, ಆರು ತಿಂಗಳ ಹಿಂದಿನದೊಂದು, ಈಗಿನದೊಂದು.