ಅಡಿಕೆಗೆ ನ್ಯಾನೋ ತಾಮ್ರ ಹೊಡೆದರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾ?

ತೀರ್ಥಹಳ್ಳಿ ಕಡೆಯ ತೋಟ, ಕೊಳೆರೋಗಕ್ಕೆ ನ್ಯಾನೋ ತಾಮ್ರ ಹೊಡೆಯುತ್ತೇವೆ, ಹೆಂಡತಿ ಬಸುರಿ, ಹೆದರಬೇಕಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಆದರೆ ಔಷಧಿ ಕಲಸುವ ಜಾಗದಿಂದ ಅವರನ್ನು ದೂರವೇ ಇಡಿ.

ನ್ಯಾನೋ ಅಂದರೆ 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣ. ಇಷ್ಟು ಸಣ್ಣದಾದರೆ ಜೀವಕೋಶದೊಳಗೆ ಸುಲಭವಾಗಿ ನುಗ್ಗಿ ಡಿಎನ್‌ಎಗೆ ಪೆಟ್ಟು ಕೊಡಬಹುದು. ವೀರ್ಯಾಣುವಿಗೆ ಜಾಸ್ತಿ ಅಪಾಯ, ಯಾಕಂದ್ರೆ ಕೆಟ್ಟ ಡಿಎನ್‌ಎಯನ್ನು ರಿಪೇರಿ ಮಾಡಿಕೊಳ್ಳುವ ಶಕ್ತಿ ಅದಕ್ಕೆ ತೀರಾ ಕಡಿಮೆ. ಹಾಗಾಗಿ ಎಚ್ಚರ ನಿಮಗೂ ಬೇಕು.

ಭ್ರೂಣದ ವಿಷಯ ಜೀಬ್ರಾಫಿಶ್ ಮೀನಿನಲ್ಲಿ ಚೆನ್ನಾಗಿ ಕಂಡಿದೆ. ಮರಿ 2-3 ದಿನಕ್ಕೆ ಮೊಟ್ಟೆಯಿಂದ ಹೊರಬರಬೇಕು, ಆದರೆ ತಾಮ್ರದ ಆಕ್ಸೈಡ್ ಕಣಗಳಿಂದ ಬಿಡುಗಡೆಯಾಗುವ ತಾಮ್ರವು ಮೊಟ್ಟೆಯ ಹೊದಿಕೆ ಕರಗಿಸುವ ಕಿಣ್ವವನ್ನೇ ತಡೆಯುವುದರಿಂದ ಮರಿ ಒಳಗೇ ಸಿಕ್ಕಿಕೊಳ್ಳುತ್ತದೆ. ಬಸುರಿ ಇಲಿಗಳ ರಕ್ತಕ್ಕೆ ಸಿಲಿಕಾ, ಟೈಟಾನಿಯಂ ಡೈಆಕ್ಸೈಡ್ ನ್ಯಾನೋ ಕಣ ಚುಚ್ಚಿದಾಗ ಅವು ಮಾಸು ದಾಟಿ ಮರಿಗೂ ಹೋಗಿವೆ. ಚುಚ್ಚಿದ್ದು ಅಂತ ನೆನಪಿಡಿ, ಅದನ್ನು ನೇರವಾಗಿ ಮನುಷ್ಯರಿಗೆ ಹೇಳೋಕೆ ಬರುವುದಿಲ್ಲ.

ತೋಟದಲ್ಲಿ ನನಗೆ ಚಿಂತೆ ಇರುವುದು ಉಸಿರಲ್ಲಿ ಹೋಗುವ ಸಣ್ಣ ಹನಿಗಳದ್ದು. ಮೂಗಿಗೆ ಟವೆಲ್ ಸುತ್ತಿದರೆ ಸಾಲದು, ಎನ್‌95 ಮಾಸ್ಕ್, ಗ್ಲೌಸ್ ಹಾಕಿ. ಆ ಬಟ್ಟೆ ಬೇರೆಯಾಗಿ ನೀವೇ ಒಗೆಯಿರಿ, ದಯವಿಟ್ಟು ಅವರ ಕೈಗೆ ಕೊಡಬೇಡಿ.