ಬ್ಯಾಂಕಾಕಿನಲ್ಲಿ ಸಂಸಾರ ಹೂಡುವವರು ಮೊದಲು ಸೋಯಿ ನೋಡಬೇಕು

ಕಂಪನಿಯ ಕೆಲಸದ ಮೇಲೆ ಒಂದು ವಾರ ಬ್ಯಾಂಕಾಕಿನಲ್ಲಿದ್ದು ಹೋದ ನೀವು, ಮುಂದಿನ ವರ್ಷ ಹೆಂಡತಿ ಮತ್ತು ಪುಟ್ಟ ಮಗಳೊಂದಿಗೆ ಇಲ್ಲಿಗೇ ಬಂದು ನೆಲೆಸುವ ಅವಕಾಶ ಒದಗಿದೆಯೆಂದು ಬರೆದಿದ್ದೀರಿ. ಸುಖುಮ್ವಿತ್ ರಸ್ತೆಯ ವಾಹನ ದಟ್ಟಣೆಯನ್ನೂ ಬೀದಿಯುದ್ದಕ್ಕೂ ಬೇಯುವ ಮೀನು ಮಾಂಸವನ್ನೂ ನಡುರಾತ್ರಿ ಕಳೆದರೂ ಆರದ ದೀಪಗಳನ್ನೂ ಕಂಡು, ಸಸ್ಯಾಹಾರಿಗಳಾದ ನಾವು ಈ ಗದ್ದಲದ ನಡುವೆ ಬಾಳುವುದು ಸಾಧ್ಯವೇ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ; ನನ್ನ ಮಕ್ಕಳು ಬೆಳೆದದ್ದು ಇಲ್ಲಿಯೇ. ಆದರೆ ನೀವು ಕಂಡದ್ದು ಈ ನಗರದ ದೊಡ್ಡ ರಸ್ತೆಗಳನ್ನು ಮಾತ್ರ. ಜನ ಬದುಕುವುದು ಆ ರಸ್ತೆಗಳಿಂದ ಕವಲೊಡೆಯುವ ಓಣಿಗಳಲ್ಲಿ. ಇವನ್ನು ಇಲ್ಲಿ ಸೋಯಿ ಎನ್ನುತ್ತಾರೆ. ಯಾವ ಸೋಯಿಯಲ್ಲಿ ಮನೆ ಹಿಡಿಯುತ್ತೀರಿ ಎಂಬುದು ತೀರ್ಮಾನವಾದರೆ ನಿಮ್ಮ ಉಳಿದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಬಗೆಹರಿಯುತ್ತವೆ.

ಬ್ಯಾಂಕಾಕ್ ಚಾವೊ ಫ್ರಯಾ ನದಿಯ ತಗ್ಗುಬಯಲಿನಲ್ಲಿ, ಕಾಲುವೆಗಳ ಆಸರೆಯಲ್ಲಿ ಬೆಳೆದ ಊರು. ಊರು ಹಬ್ಬುತ್ತ ಹೋದಂತೆ ಉದ್ದುದ್ದವಾಗಿದ್ದ ಗದ್ದೆ, ತೋಟಗಳು ನಿವೇಶನಗಳಾದವು. ಜಮೀನಿನ ಒಡೆಯರು ತಮ್ಮ ತಮ್ಮ ನೆಲದೊಳಗೆ ಓಣಿ ತೆಗೆದು ಮುಖ್ಯರಸ್ತೆಗೆ ಕೂಡಿಸಿದರೇ ಹೊರತು ಪಕ್ಕದವರ ಓಣಿಗೆ ಕೂಡಿಸುವ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ. ಆದುದರಿಂದ ಎಷ್ಟೋ ಸೋಯಿಗಳ ಒಳತುದಿ ಇಂದಿಗೂ ಮುಚ್ಚಿಕೊಂಡೇ ಇದೆ, ಅವುಗಳಲ್ಲಿನ ಎಲ್ಲ ವಾಹನಗಳೂ ಬೆರಳೆಣಿಕೆಯ ಹೆದ್ದಾರಿಗಳಿಗೇ ಬಂದು ಬೀಳುತ್ತವೆ. ನೀವು ಸಿಕ್ಕಿಕೊಂಡ ದಟ್ಟಣೆಗೂ, ಅಲ್ಲಿಂದ ಸ್ವಲ್ಪ ದೂರ ಒಳಗೆ ನಡೆದರೆ ಹಕ್ಕಿಯ ದನಿ ಕೇಳುವಷ್ಟು ನೆಮ್ಮದಿ ಇರುವುದಕ್ಕೂ ಕಾರಣ ಒಂದೇ.

ಸುಖುಮ್ವಿತ್ತಿನಲ್ಲಿ ಬೆಸ ಸಂಖ್ಯೆಯ ಸೋಯಿಗಳು ಒಂದು ಮಗ್ಗುಲಿಗೆ, ಸಮ ಸಂಖ್ಯೆಯವು ಇನ್ನೊಂದು ಮಗ್ಗುಲಿಗೆ ಇವೆ. ಎರಡೂ ಬದಿಯ ಎಣಿಕೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಥಾಂಗ್ ಲೋ ಎನ್ನುವ 55ನೆಯ ಸೋಯಿಯ ಎದುರಿಗಿರುವುದು 38ನೆಯದು. ಆದ್ದರಿಂದ ವಿಳಾಸದ ಸಂಖ್ಯೆ ನೋಡಿ ದೂರವನ್ನು ಅಳೆಯಬೇಡಿ, ರೈಲು ನಿಲ್ದಾಣದಿಂದ ಅಳೆಯಿರಿ. 1999ರ ಡಿಸೆಂಬರಿನಲ್ಲಿ ಮೇಲ್ಸೇತುವೆಯ ಬಿಟಿಎಸ್ ರೈಲು, 2004ರಲ್ಲಿ ಸುರಂಗದ ಎಂಆರ್‌ಟಿ ಶುರುವಾದ ಮೇಲೆ ಇಲ್ಲಿನ ಮನೆಗಳ ಬೆಲೆಯೂ ಬಾಡಿಗೆಯೂ ಈ ದೂರವನ್ನೇ ಅನುಸರಿಸುತ್ತ ಬಂದಿವೆ. ಸೋಯಿ ಉದ್ದವಾಗಿದ್ದರೆ ಅದರ ಬಾಯಲ್ಲಿ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಮೋಟರ್‌ಬೈಕ್ ಸವಾರರು ಸರದಿಯಲ್ಲಿ ಕಾದಿರುತ್ತಾರೆ, ಎಲ್ಲಿಗೆ ಎಷ್ಟು ಎಂಬ ದರದ ಫಲಕವನ್ನೂ ಸಾಮಾನ್ಯವಾಗಿ ಅಲ್ಲಿಯೇ ತೂಗುಹಾಕಿರುತ್ತಾರೆ. ಮಗಳನ್ನು ಕೂರಿಸಿಕೊಂಡು ಹೋಗುವಾಗ ಮಾತ್ರ ದಯವಿಟ್ಟು ಕಾರನ್ನೇ ಹಿಡಿಯಿರಿ.

ಕಚೇರಿ ಪ್ರತುನಾಮ್ ಕಡೆಗಿದ್ದರೆ ಸೇನ್ ಸೇಪ್ ಕಾಲುವೆಯ ದೋಣಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತಲೆಗೆ ಹೆಲ್ಮೆಟ್ ಧರಿಸಿದ ನಿರ್ವಾಹಕರು ಓಡುವ ದೋಣಿಯ ಹೊರಅಂಚಿನ ಮೇಲೆ ನಡೆಯುತ್ತಲೇ ಹಣ ಪಡೆದು ಚೀಟಿ ಕೊಡುತ್ತಾರೆ. ಎದುರಿನಿಂದ ಇನ್ನೊಂದು ದೋಣಿ ಬಂದಾಗ ಅಂಚಿನಲ್ಲಿ ಕುಳಿತವರು ಹಗ್ಗ ಜಗ್ಗಿ ಪ್ಲಾಸ್ಟಿಕ್ ಪರದೆಯನ್ನು ಎತ್ತಿ ಹಿಡಿಯುತ್ತಾರೆ, ಇಲ್ಲವಾದರೆ ಕಾಲುವೆಯ ಕಪ್ಪು ನೀರು ಎಲ್ಲರ ಮೇಲೂ ಎರಚುತ್ತದೆ. ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಈ ಊರಿನ ಮೇಲೆ ನನಗೆ ಪ್ರೀತಿ ಬೆಳೆದದ್ದು ಇಂಥ ಸದ್ದಿಲ್ಲದ ಸಹಕಾರವನ್ನು ನೋಡಿ.

ಇನ್ನು ಊಟದ ವಿಷಯ. ನಿಮ್ಮ ಅಂಜಿಕೆ ನಿಜವಾದದ್ದೇ, ಏಕೆಂದರೆ ತರಕಾರಿ ಮಾತ್ರ ಕಾಣುವ ತಟ್ಟೆಯಲ್ಲಿಯೂ ನಾಮ್ ಪ್ಲಾ ಎಂಬ ಮೀನಿನ ರಸ ಸಾಮಾನ್ಯವಾಗಿ ಇರುತ್ತದೆ, ಪದಾರ್ಥಗಳಿಗೆ ಹಾಕುವ ಮಸಾಲೆಯಲ್ಲಿ ಹೆಚ್ಚಾಗಿ ‘ಕಪಿ’ ಎಂಬ, ಸಿಗಡಿಯನ್ನು ಹುದುಗಿಸಿ ಅರೆದ ಮುದ್ದೆ ಸೇರಿರುತ್ತದೆ. ಪಪ್ಪಾಯಿಕಾಯಿಯ ಸೋಮ್ ತಾಮ್ ಮಾಡುವಾಕೆ ಒರಳಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಕುಟ್ಟಿ, ಹಿಂದೆಯೇ ಒಣಸಿಗಡಿಯ ಡಬ್ಬಕ್ಕೆ ಕೈ ಹಾಕುತ್ತಾಳೆ, ಅಷ್ಟರೊಳಗೆ ಹೇಳಿಬಿಡಬೇಕು. ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದ ಬಾವುಟವಿರುವ ಅಂಗಡಿಯನ್ನು ಹುಡುಕಿಕೊಳ್ಳಿ. ಚೀನೀ ಮೂಲದ ಈ ಪದ್ಧತಿಯ ಅಡುಗೆಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಅಕ್ಟೋಬರಿನ ಆಸುಪಾಸಿನಲ್ಲಿ ಬರುವ ಒಂಬತ್ತು ದಿನಗಳ ವ್ರತದ ಹೊತ್ತಿಗೆ ಊರೆಲ್ಲ ಈ ಬಾವುಟಗಳೇ. ಮನೆಯ ಅಡುಗೆಗೆ ಬೇಕಾದ ಬೇಳೆ, ಸಾಂಬಾರ ಪದಾರ್ಥಗಳು ಪಹುರಾತ್ ಪೇಟೆಯಲ್ಲಿ ದೊರೆಯುತ್ತವೆ. ತೆಂಗು, ಬಾಳೆ, ಹುಣಸೆಗಂತೂ ಇಲ್ಲಿ ಬರವಿಲ್ಲ.

ನಿಮ್ಮ ಮನೆಯವರಿಗೆ ಒಂಟಿತನ ಕಾಡಬಹುದೆಂದು ಬರೆದಿದ್ದೀರಿ. ಸೀಲೋಮ್ ರಸ್ತೆಯ ಪಾನ್ ಓಣಿಯ ಮೂಲೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿಗೆ ಒಮ್ಮೆ ಕರೆದುಕೊಂಡು ಹೋಗಿ. ನವರಾತ್ರಿ ಮುಗಿದ ವಿಜಯದಶಮಿಯ ರಾತ್ರಿ ಅಮ್ಮನ ಮೆರವಣಿಗೆಗಾಗಿ ಸೀಲೋಮಿನಲ್ಲಿ ವಾಹನ ಸಂಚಾರವನ್ನೇ ತಡೆಯುತ್ತಾರೆ, ರಸ್ತೆಯ ಇಕ್ಕೆಲಗಳಲ್ಲಿ ಚೆಂಡುಹೂವು, ತೆಂಗಿನಕಾಯಿ ಇಟ್ಟುಕೊಂಡು ಗಂಟೆಗಟ್ಟಲೆ ಕಾದು ಕೂರುವವರಲ್ಲಿ ಥಾಯ್ ಜನರೇ ಹೆಚ್ಚು. ಪರಕೀಯರೆಂಬ ಭಾವನೆ ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ.

ನಡೆನುಡಿಯಲ್ಲಿ ಮಾತ್ರ ಎಚ್ಚರವಿರಲಿ. ಬೆಳಿಗ್ಗೆ 8 ಗಂಟೆಗೆ, ಸಂಜೆ 6 ಗಂಟೆಗೆ ನಿಲ್ದಾಣಗಳಲ್ಲಿ, ಉದ್ಯಾನಗಳಲ್ಲಿ ರಾಷ್ಟ್ರಗೀತೆ ಮೊಳಗಿದಾಗ ನಡೆಯುತ್ತಿದ್ದವರು ನಿಲ್ಲುತ್ತಾರೆ, ನೀವೂ ನಿಲ್ಲಿ. ರಾಜಮನೆತನದ ಬಗ್ಗೆ ಲಘುವಾಗಿ ಮಾತನಾಡುವುದು, ಬರೆಯುವುದು ಬೇಡವೇ ಬೇಡ. ಆ ಅಪರಾಧಕ್ಕೆ ದಂಡಸಂಹಿತೆಯ 112ನೆಯ ವಿಧಿಯಲ್ಲಿ 3ರಿಂದ 15 ವರ್ಷಗಳ ಸೆರೆವಾಸವಿದೆ. ನಾವು ಬೆಂಗಳೂರಿನ ಆಟೋದವರೊಡನೆ ಆಡುವಂತೆ ಇಲ್ಲಿ ದನಿಯೇರಿಸಿ ಮಾತನಾಡಿದರೆ ಆಗುವ ಕೆಲಸವೂ ಕೆಡುತ್ತದೆ.

ಮನೆ ಬಾಡಿಗೆಗೆ ಸಾಮಾನ್ಯವಾಗಿ ಎರಡು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ ಕೇಳುತ್ತಾರೆ. ಕರಾರಿಗೆ ಸಹಿ ಹಾಕುವ ಮೊದಲು, ವಿದೇಶೀಯರು ತಂಗಿರುವ ವಿವರವನ್ನು ವಲಸೆ ಇಲಾಖೆಗೆ 24 ಗಂಟೆಗಳೊಳಗೆ ತಿಳಿಸುವ ಟಿಎಂ 30 ಕಾಗದವನ್ನು ಮಾಲೀಕರು ಸಲ್ಲಿಸುವರೇ ಎಂದು ಕೇಳಿಕೊಳ್ಳಿ. ಅದಿಲ್ಲದೆ ಮುಂದೆ ವೀಸಾ ನವೀಕರಣಕ್ಕೂ, 90 ದಿನಗಳಿಗೊಮ್ಮೆ ನೀವು ಕೊಡಬೇಕಾದ ವರದಿಗೂ ತೊಡಕಾಗಬಹುದು. ಸಾಧ್ಯವಾದರೆ ಮನೆ ನೋಡಲು ಸೆಪ್ಟೆಂಬರಿನಲ್ಲಿ ಬನ್ನಿ. ಮಳೆ ಜೋರಾಗಿರುವ ತಿಂಗಳು ಅದು. ಒಂದು ಜಡಿಮಳೆ ನಿಂತ ಅರ್ಧ ಗಂಟೆಯ ಮೇಲೆ ಸೋಯಿಯೊಳಗೆ ನಡೆದು ಹೋಗಿ ನೀರು ಎಲ್ಲಿಯವರೆಗೆ ನಿಂತಿದೆ ಎಂಬುದನ್ನು ನೀವೇ ಕಣ್ಣಾರೆ ನೋಡಿ, ಆಮೇಲೆ ಮುಂಗಡ ಕೊಡಿ.